ಎಡಗಡೆಯ ಖಾಲಿ ಜಾಗ

ಆ ಭಾನುವಾರ ತಮ್ಮನ ಹೆಂಡತಿ ಶೋಭಾ ಬೀಟ್‌ರೂಟ್ ಪಲ್ಯ ಮಾಡಿದ್ದಳು. ಸೋಮವಾರ ಬೆಳಿಗ್ಗೆ ನನ್ನ ತಮ್ಮ ಮುನಿರಾಜು ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದ. ಕೆಳಗಿರುವ ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ.

"ಅಕ್ಕ, ಬೀಟ್‌ರೂಟ್ ತಿಂದ್ರೆ ಉಚ್ಚೆ ಕೆಂಪಗೆ ಓಗುತ್ತಾ?"

"ಕೆಲವರಿಗೆ ಹೋಗುತ್ತಂತೆ. ನಾನೂ ತಿಂದೆ, ನನಗೇನೂ ಹೋಗಿಲ್ಲಪ್ಪ."

"ನಿಂಗ್ ಮಾತ್ರ ಎಂಗೆ ಓಗಲ್ಲ? ಇಬ್ರದ್ದೂ ಒಂದೇ ಕಂಪ್ನಿ ಮಾಲಲ್ವಾ?"

ಇಬ್ಬರೂ ನಕ್ಕೆವು. ಬುಧವಾರ ಮತ್ತೆ ಕೆಂಪಗೆ ಹೋಯಿತು. ಅಷ್ಟರಲ್ಲಿ ಮನೆಯಲ್ಲಿ ಬೀಟ್‌ರೂಟಿನ ಸಿಪ್ಪೆಯೂ ಉಳಿದಿರಲಿಲ್ಲ.

ಒಂದೇ ಕಂಪನಿ ಅಂದದ್ದು ಬರೀ ತಮಾಷೆಯಲ್ಲ. ನನ್ನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವ ಕಿಡ್ನಿ ಅವನದು. ಡಿಗ್ರಿ ಓದುವಾಗ ನನ್ನವೆರಡೂ ಕೈಕೊಟ್ಟವು. ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡೆ. ಸೂಜಿ, ನೀರು ಕುಡಿಯಲು ಅಳತೆ, ಬಾಯಲ್ಲಿ ಸದಾ ಕಬ್ಬಿಣದ ರುಚಿ. ತಮ್ಮ ತನಗೆ ವಯಸ್ಸು ತುಂಬುವುದನ್ನೇ ಕಾಯುತ್ತಿದ್ದವನ ಹಾಗೆ ಆಸ್ಪತ್ರೆಗೆ ಬಂದು, ಎಡಗಡೆಯದನ್ನು ತೆಗೆದುಕೊಳ್ಳಿ ಅಂದ. ಅಪ್ಪ ಅಮ್ಮ ಎಷ್ಟು ಅತ್ತರೂ ಕೇಳಲಿಲ್ಲ. ಆಮೇಲೆ ನಾನು ಮದುವೆಯಾಗಲಿಲ್ಲ. ಗಂಡುಗಳು ಬರಲಿಲ್ಲ, ನಾನೂ ಬಾಗಿಲಲ್ಲಿ ನಿಂತು ಕಾಯಲಿಲ್ಲ.

ಪುಟ್ಟೇನಹಳ್ಳಿ ಕೆರೆಯ ಕಡೆ ನಮ್ಮ ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ತಮ್ಮ ಕಟ್ಟಿಸಿದ ಬಿಲ್ಡಿಂಗ್ ಇದೆ. ಕೆಳಗೆ ಅವನ ಸಂಸಾರ, ಮೇಲೆ ನಾನು, ನಡುವೆ ಲೀಸ್‌ಗೆ ಬಂದವರು. ಬಂದವರಿಗೆಲ್ಲ ಅವನು ಹೇಳುವುದು ಒಂದೇ ಮಾತು: ಏನಾದರೂ ಮಾಡಿಕೊಳ್ಳಿ, ಗೋಡೆಗೆ ಮೊಳೆ ಹೊಡೀಬಾರದು. ನನಗೂ ಅದೇ. "ಕಿಡ್ನಿ ಸೇಲ್ ಮಾಡಿಲ್ಲ ಅಕ್ಕ, ಲೀಸ್‌ಗೆ ಕೊಟ್ಟಿರೋದು. ನೀಟಾಗಿ ಇಟ್ಕೋ, ಮೊಳೆ ಗಿಳೆ ಒಡೀಬೇಡ." ಈ ಜೋಕು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ನನ್ನ ಚೆಕಪ್‌ಗೆ ತಪ್ಪದೆ ಕಾರು ತೆಗೆಯುತ್ತಿದ್ದವನು ತನ್ನ ಚೆಕಪ್ ಅಂದರೆ ಮಾತ್ರ, "ನಂಗೇನಾಗೈತೆ, ಎಮ್ಮೆ ಇದ್ದಂಗಿದೀನಿ" ಅನ್ನುತ್ತಿದ್ದ.

ಯಲಹಂಕದಲ್ಲಿ ಅಲ್ಟ್ರಾಸೌಂಡ್ ಮಾಡಿಸಿದೆವು. ಅವರು ಹೆಬ್ಬಾಳದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಟಿ ಸ್ಕ್ಯಾನ್ ಆಯಿತು.

ಉಳಿದಿದ್ದ ಒಂದೇ ಕಿಡ್ನಿಯಲ್ಲಿ ಗಡ್ಡೆ.

ಯುರಾಲಜಿಸ್ಟ್ ಸುತ್ತಿ ಬಳಸಿ ಮಾತಾಡುವ ಮನುಷ್ಯರಲ್ಲ. "ಗಡ್ಡೆ ಹೊರಗಡೆ ಅಂಚಲ್ಲಿ ಇದ್ದಿದ್ರೆ ಸುಲಭ ಇತ್ತು. ಇದು ಒಳಗಡೆ, ರಕ್ತನಾಳ ಬರೋ ಬಾಗಿಲ ಹತ್ರ ಇದೆ. ಆರ್ಟರಿಗೆ ಅಂಟ್ಕೊಂಡಿಲ್ಲ ಅಂದ್ರೆ ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸ್ಬಹುದು. ಅಂಟ್ಕೊಂಡಿದ್ರೆ ಪೂರ್ತಿ ತೆಗೀಬೇಕಾಗುತ್ತೆ."

"ಪೂರ್ತಿ ತೆಗೆದ್ರೆ?" ಅಂದಳು ಶೋಭಾ. ಉತ್ತರ ಅವಳಿಗೂ ಗೊತ್ತಿತ್ತು.

"ಡಯಾಲಿಸಿಸ್."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕಬ್ಬಿಣದ ರುಚಿ ಬಾಯಿಗೆ ಬಂತು.

ಆಮೇಲೆ ಅವರು ಹೇಳಿದ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. "ರೇಡಿಯಾಲಜಿಯವರು ಇಮೇಜ್ ಸೆಗ್ಮೆಂಟ್ ಮಾಡಿ ತ್ರೀಡಿ ಮಾಡೆಲ್ ಕೊಡ್ತಾರೆ. ಅದನ್ನ ನೋಡಿ ಡಿಸೈಡ್ ಮಾಡೋಣ. ಮುಂದಿನ ವಾರ ಬನ್ನಿ."

ಸೆಗ್ಮೆಂಟ್! ಅದು ನನ್ನ ಅನ್ನ.

ನನ್ನ ಕೆಲಸ ಏನು ಅಂತ ಹೇಳಿದರೆ ನೆಂಟರು ನಗುತ್ತಾರೆ. ಸಹಕಾರನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಬೇಕರಿಯವನು ಬ್ರೆಡ್ಡನ್ನು ಸ್ಲೈಸ್ ಮಾಡುತ್ತಿರುತ್ತಾನೆ, ಮೇಲೆ ನಾವು ಸ್ಲೈಸ್ ಮಾಡಿದ ಮನುಷ್ಯರನ್ನು ನೋಡುತ್ತಿರುತ್ತೇವೆ. ಸಿಟಿ ಸ್ಕ್ಯಾನ್ ಅಂದರೆ ಅಷ್ಟೇ, ದೇಹದ ಅಡ್ಡ ಹೋಳುಗಳ ನೂರಾರು ಚಿತ್ರ. ಒಂದೊಂದು ಹೋಳಿನಲ್ಲೂ ಕಿಡ್ನಿ ಎಲ್ಲಿಂದ ಎಲ್ಲಿಯವರೆಗೆ ಅಂತ ಮೌಸಿನಿಂದ ಗೆರೆ ಎಳೆದು ಬಣ್ಣ ತುಂಬಬೇಕು. ಗೆರೆಯೊಳಗಿನದು ನಮಗೆ ಬೇಕಾದ ಜಾಗ, ಆರ್‌ಒಐ. ಎಲ್ಲ ಹೋಳುಗಳ ಬಣ್ಣ ಸೇರಿಸಿದರೆ ಇಡೀ ಕಿಡ್ನಿ ಪರದೆಯ ಮೇಲೆ ಎದ್ದು ತಿರುಗುತ್ತದೆ. ಕಂಪ್ಯೂಟರಿಗೆ ಕಿಡ್ನಿ ಗುರುತಿಸಲು ಕಲಿಸುವುದಕ್ಕೆ ನಮ್ಮ ಗೆರೆಗಳು ಹೋಗುತ್ತವೆ. ಯಾರ ದೇಹ ಅಂತ ನಮಗೆ ಗೊತ್ತಿರುವುದಿಲ್ಲ. ಹೆಸರು ಅಳಿಸಿಯೇ ಬರುತ್ತದೆ.

ಈ ಸಲ ಹೆಸರಿತ್ತು. ಮುನಿರಾಜು.

ಮುಂದಿನ ವಾರದವರೆಗೆ ಕಾಯುವ ಜಾಯಮಾನ ನನ್ನದಲ್ಲ. ಆಸ್ಪತ್ರೆಯವರು ಕೊಟ್ಟ ಸಿಡಿಯನ್ನು ಶನಿವಾರ ಮಧ್ಯಾಹ್ನ ಮನೆಯ ಲ್ಯಾಪ್‌ಟಾಪಿಗೆ ಹಾಕಿದೆ. ಪುಕ್ಕಟೆ ಸಿಗುವ ಒಂದು ಸೆಗ್ಮೆಂಟೇಷನ್ ಸಾಫ್ಟ್‌ವೇರ್ ಅದರಲ್ಲಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಭಯದ ಜೊತೆಗೆ ಒಂದು ಹುರುಪೂ ಇತ್ತು. ಇಷ್ಟು ವರ್ಷ ಊರವರ ಕಿಡ್ನಿಗೆ ಬಣ್ಣ ಬಳಿದ ಕೈ ಇದು. ನನ್ನ ತಮ್ಮನಿಗೆ ಈಗಲಾದರೂ ಉಪಯೋಗಕ್ಕೆ ಬರಲಿ ಅನ್ನುವ ಹುರುಪು.

ಅಭ್ಯಾಸಬಲದಿಂದ ಎರಡು ಲೇಬಲ್ ಮಾಡಿದೆ. ಬಲ ಕಿಡ್ನಿಗೆ ಹಸಿರು, ಎಡ ಕಿಡ್ನಿಗೆ ಹಳದಿ. ಬಲಗಡೆಯದು ಎಷ್ಟು ದೊಡ್ಡದಾಗಿತ್ತು! ಜೊತೆಯವನು ಹೋದ ಮೇಲೆ ಒಂಟಿ ಕಿಡ್ನಿ ಎರಡರ ಕೆಲಸ ಮಾಡಲು ಬೆಳೆಯುತ್ತದೆ ಅಂತ ಓದಿದ್ದೆ. ಕಣ್ಣಾರೆ ಕಂಡು ಕುಣಿಯುವ ಹಾಗಾಯಿತು. ಹಸಿರು ತುಂಬುತ್ತಾ ಹೋದೆ. ಆಮೇಲೆ ಕೈ ತಾನಾಗಿ ಎಡಕ್ಕೆ ಹೋಯಿತು, ಹಳದಿ ಬಣ್ಣ ಹಿಡಿದುಕೊಂಡು.

ಅಲ್ಲಿ ಏನೂ ಇರಲಿಲ್ಲ.

ಕಿಡ್ನಿ ಇರಬೇಕಾದ ಜಾಗಕ್ಕೆ ಕರುಳಿನ ಒಂದು ಸುತ್ತು ಜಾರಿ ಬಂದು ಮಲಗಿತ್ತು. ಗೊತ್ತಿಲ್ಲದ ವಿಷಯವೇನಲ್ಲ. ಅದು ಎಲ್ಲಿಗೆ ಹೋಯಿತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆ ಖಾಲಿ ಜಾಗವನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಜೋಕು ಮಾಡಿ ಮಾಡಿ ನಾವಿಬ್ಬರೂ ಅದರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆವು. ನನ್ನ ಕೈ ಮೌಸ್ ಬಿಟ್ಟು ಕಿಬ್ಬೊಟ್ಟೆಯ ಮೇಲೆ, ನನ್ನ ಹೊಲಿಗೆಯ ಗುರುತಿನ ಮೇಲೆ ಹೋಗಿ ಕೂತಿತು. ಚೆನ್ನಾಗಿ ಅತ್ತುಬಿಟ್ಟೆ.

ಅತ್ತ ಕಣ್ಣಲ್ಲೇ ಗಡ್ಡೆಗೆ ಗೆರೆ ಎಳೆಯಲು ಕೂತದ್ದು ನಾನು ಮಾಡಿದ ತಪ್ಪು. ಗಡ್ಡೆಗೆ ಕೆಂಪು, ಆರ್ಟರಿಗೆ ಗುಲಾಬಿ. ಆಫೀಸಿನಲ್ಲಿ ನಾವು ಪ್ರತಿ ಸ್ಲೈಸಿಗೂ ಗೆರೆ ಎಳೆಯುವುದಿಲ್ಲ. ಒಂದರಲ್ಲಿ ಎಳೆದು, ಮೂರು ಬಿಟ್ಟು, ಮತ್ತೊಂದರಲ್ಲಿ ಎಳೆಯುತ್ತೇವೆ. ನಡುವಿನದನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬಿಕೊಡುತ್ತದೆ. ಲಿವರಿನಂಥ ದೊಡ್ಡ ಅಂಗಕ್ಕೆ ಅದು ಧಾರಾಳ ಸಾಕು. ಇಲ್ಲೂ ಹಾಗೇ ಮಾಡಿದೆ. ಅಂಚು ನುಣುಪಾಗಲಿ ಅಂತ ಇನ್ನೊಂದು ಬಟನ್ ಒತ್ತಿದೆ. ತ್ರೀಡಿ ಅಂತ ಕ್ಲಿಕ್ ಮಾಡಿದೆ.

ಕೆಂಪು ಗಡ್ಡೆ ಗುಲಾಬಿ ಆರ್ಟರಿಯನ್ನು ಕಚ್ಚಿಕೊಂಡಿತ್ತು.

ಆಗಲೇ ತಮ್ಮ ಮೇಲೆ ಬಂದ. ಲ್ಯಾಪ್‌ಟಾಪ್ ಮುಚ್ಚಬೇಕು ಅನ್ನುವಷ್ಟರಲ್ಲಿ ನೋಡಿಬಿಟ್ಟ. ಅವನಿಗೆ ಮೊದಲು ಖುಷಿಯೇ ಆಯಿತು.

"ಇದು ನಂದಾ? ಎಷ್ಟ್ ಚೆನ್ನಾಗೈತೆ ಅಕ್ಕ! ಗೋಡಂಬಿ ಇದ್ದಂಗೈತೆ. ತಿರುಗ್ಸು, ಇನ್ನೊಂದ್ ಸಲ ತಿರುಗ್ಸು." ತಿರುಗಿಸಿದೆ. "ಈ ಕೆಂಪುಗಿರೋದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದೇ ಗಡ್ಡೆ ಕಣೋ. ಆರ್ಟರಿಗೆ ಅಂಟ್ಕೊಂಡಿದೆ."

ಅವನು ಮಂಚದ ತುದಿಯಲ್ಲಿ ಕೂತ. "ಅಂದ್ರೆ ಪೂರ್ತಿ ಓಗುತ್ತೆ."

"ನಿಂದು ನಂಗೆ ಕೊಟ್ಟಿದ್ದಕ್ಕೆ ತಾನೇ ಹೀಗಾಗಿದ್ದು? ವಾಪಸ್ ತಗೊಂಬಿಡು ಮುನಿ."

"ಒಳ್ಳೆ ಮಾತಾಡು. ಲೀಸ್ ಮುಗಿಯೋಕ್ ಮುಂಚೆ ಖಾಲಿ ಮಾಡ್ಸೋನಲ್ಲ ನಾನು." ನಗಲು ನೋಡಿದ, ಆಗಲಿಲ್ಲ. "ನೀನು ಮಾಡ್ಸ್ಕೊಂಡಿಲ್ವಾ ಡಯಾಲಿಸಿಸ್ಸು? ನಾನೂ ಮಾಡ್ಸ್ಕೋತೀನಿ ಬಿಡು."

ಅವನು ಹಾಗೆಯೇ. ಒಂದು ಸಲ ತೀರ್ಮಾನ ಮಾಡಿದರೆ ಆಯಿತು, ಲಾರಿಯಲ್ಲಿ ಇಟ್ಟಿಗೆ ಬಂದು ಬಿದ್ದ ಹಾಗೆಯೇ. ಭಾನುವಾರ ಯಲಹಂಕದ ಡಯಾಲಿಸಿಸ್ ಸೆಂಟರಿಗೆ ಹೋಗಿ ವಿಚಾರಿಸಿಕೊಂಡು ಬಂದ. ಶೋಭಾ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡು ಕೇಳಿದಳು. "ಅತ್ತಿಗೆ, ಏನಾದ್ರೂ ದಾರಿ ಇದ್ಯಾ? ನೀವೇ ನೋಡಿ ಹೀಗಂದ್ಮೇಲೆ ಇನ್ನೇನಿದೆ ಅಂತಿದಾರೆ ಇವ್ರು." ನಾನು ಆ ಕೆಲಸದಲ್ಲಿರುವವಳಲ್ಲವೇ. ಮನೆಯವರಿಗೆಲ್ಲ ನನ್ನ ಗೆರೆಯೇ ವೇದವಾಗಿಬಿಟ್ಟಿತ್ತು.

ಆಸ್ಪತ್ರೆಯ ದಿನ ಯುರಾಲಜಿಸ್ಟ್ ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ. "ಪೂರ್ತಿ ತೆಗೆದ್ಬಿಡಿ ಸಾರ್. ಉಳಿಸೋಕೋಗಿ ಒಳಗೆ ಎಡವಟ್ಟಾಗೋದು ಬೇಡ. ನಮ್ಮಕ್ಕ ನೋಡವ್ಳೆ, ಅಂಟ್ಕೊಂಡೈತಂತೆ."

"ಅಕ್ಕ ನೋಡಿದಾರಾ?" ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ನನ್ನ ಕೆಲಸ ಹೇಳಿ, ಪೆನ್‌ಡ್ರೈವ್ ತೆಗೆದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ನಿಂತರು. "ಬನ್ನಿ, ನಮ್ಮ ಮಾಡೆಲ್ ಪಕ್ಕ ಇಟ್ಟು ನೋಡೋಣ."

ರೇಡಿಯಾಲಜಿ ಕೋಣೆಯಲ್ಲಿ ಬೆಳಕು ಕಡಿಮೆ, ಪರದೆಗಳು ಜಾಸ್ತಿ. ಅಲ್ಲಿದ್ದ ಡಾ. ವಸುಧಾ ನನಗಿಂತ ಬಹಳ ಚಿಕ್ಕವರು. ನನ್ನ ಫೈಲನ್ನು ತೆರೆದು, ತಿರುಗಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಮೇಡಂ, ಎಷ್ಟು ಸ್ಲೈಸಿಗೆ ಒಂದು ಗೆರೆ ಎಳೆದ್ರಿ?"

"ನಾಲ್ಕಕ್ಕೊಂದು."

"ನಡುವೆ ಇರೋದು?"

"ಸಾಫ್ಟ್‌ವೇರ್ ತುಂಬಿಸ್ತು." ಹೇಳುತ್ತಿರುವಾಗಲೇ ಅವರು ಏನು ಕೇಳುತ್ತಿದ್ದಾರೆ ಅಂತ ಗೊತ್ತಾಗಿಹೋಯಿತು.

ಅವರು ಬಣ್ಣಗಳನ್ನೆಲ್ಲ ಆಫ್ ಮಾಡಿದರು. ಬರೀ ಕಪ್ಪು ಬಿಳುಪಿನ ಸ್ಕ್ಯಾನ್ ಉಳಿಯಿತು. ಮೌಸನ್ನು ನನ್ನ ಕಡೆ ತಳ್ಳಿದರು. "ನೀವೇ ನೋಡಿ. ಒಂದೊಂದೇ ಸ್ಲೈಸ್, ನಿಧಾನಕ್ಕೆ ಇಳೀರಿ."

ಇಳಿದೆ. ನಾನು ಗೆರೆ ಎಳೆದಿದ್ದ ಸ್ಲೈಸ್ ಬಂತು. ಗಡ್ಡೆ ಆರ್ಟರಿಯ ಹತ್ತಿರವಿತ್ತು. ಮುಂದಿನದಕ್ಕೆ ಹೋದೆ. ನಾನು ಬಿಟ್ಟಿದ್ದ ಸ್ಲೈಸ್. ಗಡ್ಡೆಗೂ ಆರ್ಟರಿಗೂ ನಡುವೆ ಒಂದು ಕಪ್ಪು ನೂಲು. ಮುಂದಿನದರಲ್ಲಿ ಆ ನೂಲು ಇನ್ನೂ ದಪ್ಪಗಿತ್ತು. ಅದರ ಮುಂದಿನದರಲ್ಲೂ ಇತ್ತು. ನಾನು ಬಿಟ್ಟ ಮೂರರಲ್ಲೂ ಇತ್ತು!

"ಸಂದಿ ಇದೆ!" ನಾನು ಕಿರುಚಿದೆ. ಪಕ್ಕದ ಪರದೆಯ ಮುಂದಿದ್ದವರು ತಿರುಗಿ ನೋಡಿದರು. "ಮುನಿ, ಸಂದಿ ಇದೆ ಕಣೋ! ಅಂಟ್ಕೊಂಡಿಲ್ಲ!"

"ನೀನೇ ಅಂಟ್ಕೊಂಡೈತೆ ಅಂದಲ್ಲಕ್ಕ?"

"ನನ್ ತಲೆ! ನಾನು ನೋಡದೇ ಇರೋ ಜಾಗದಲ್ಲಿ ಕಂಪ್ಯೂಟರ್ ಅಂಟಿಸಿಬಿಡ್ತು."

ಡಾ. ವಸುಧಾ ಬೆರಳಿಟ್ಟು ತೋರಿಸಿದರು. "ಈ ಕಪ್ಪಗಿರೋದು ಕೊಬ್ಬು. ಇದು ಗಡ್ಡೆ, ಇದು ಆರ್ಟರಿ, ಮಧ್ಯ ತೆಳ್ಳಗೆ ಕೊಬ್ಬಿನ ಪದರ. ಸರ್ಜನ್‌ಗೆ ಬೇಕಾಗಿರೋ ದಾರಿ ಇದೇ." ತಾವು ಮಾಡಿದ್ದ ಮಾಡೆಲ್ ತೆರೆದರು. ಅದರಲ್ಲಿ ಪ್ರತಿ ಸ್ಲೈಸಿಗೂ ಗೆರೆ ಎಳೆದಿದ್ದರು. ಕೆಂಪು ಬೇರೆ, ಗುಲಾಬಿ ಬೇರೆ. ತಿರುಗಿಸಿದಾಗ ಸಂದಿಯಲ್ಲಿ ಆಚೆ ಕಡೆಯ ಬೆಳಕು ಕಂಡಿತು. ಹಾಲು ಕುಡಿದಷ್ಟು ಸಂತೋಷ ಅನ್ನುತ್ತಾರಲ್ಲ, ನಾನು ಅವತ್ತು ಕೊಡಗಟ್ಟಲೆ ಕುಡಿದಿದ್ದೆ.

ತಮ್ಮ ಹೆಂಡತಿಯ ಕಡೆ ತಿರುಗಿದ. ಬಣ್ಣವೆಲ್ಲ ಮುಖಕ್ಕೆ ವಾಪಸ್ ಬಂದಿತ್ತು. "ಕೇಳುಸ್ಕೊಂಡ್ಯಾ? ಕೊಬ್ಬು! ತುಪ್ಪ ತಿನ್ಬೇಡ ತಿನ್ಬೇಡ ಅಂತ ಪ್ರಾಣ ತಿಂದಲ್ಲ, ಈಗ ನೋಡು."

"ಅದಕ್ಕೂ ತುಪ್ಪಕ್ಕೂ ಸಂಬಂಧ ಇಲ್ಲ ಸಾರ್. ಆ ಜಾಗದಲ್ಲಿ ಎಲ್ಲರಿಗೂ ಇರುತ್ತೆ," ಅಂದರು ಡಾ. ವಸುಧಾ, ಸ್ವಲ್ಪವೂ ನಗದೆ.

ಯುರಾಲಜಿಸ್ಟ್ ಮಾತ್ರ ನಮ್ಮ ಕುಣಿದಾಟಕ್ಕೆ ಕಡಿವಾಣ ಹಾಕಿದರು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀಬೇಡಿ. ಒಳಗೆ ಹೋದಾಗ ಬೇರೆ ಏನಾದ್ರೂ ಕಂಡ್ರೆ ಪೂರ್ತಿ ತೆಗೀಬೇಕಾಗಬಹುದು. ಅದಕ್ಕೂ ಸೈನ್ ಮಾಡಿರಬೇಕು." ತಮ್ಮ ಎರಡಕ್ಕೂ ಸೈನ್ ಮಾಡಿದ.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಇವತ್ತು ಡಾಕ್ಟರು ಅವನ ಮಾತಿಗೆ ಹೂಂ ಅಂದಿದ್ದರೆ? ಉಳಿಯಬಹುದಾದ ಕಿಡ್ನಿಯನ್ನು ನನ್ನ ಆತುರದ ಗೆರೆ ತೆಗೆಸಿಬಿಡುತ್ತಿತ್ತು. ಎಡಗಡೆಯದನ್ನು ನಾನು ಇಟ್ಟುಕೊಂಡೆ, ಬಲಗಡೆಯದನ್ನು ನಾನು ಕಳೆದೆ ಅಂತಾಗುತ್ತಿತ್ತು. ಅದನ್ನು ಹೇಳಿಯೂ ಬಿಟ್ಟೆ. ಮುಂದಿನ ಸೀಟಿನಲ್ಲಿದ್ದ ತಮ್ಮ ತಿರುಗದೆಯೇ ಅಂದ. "ನೀನ್ ಪೆನ್‌ಡ್ರೈವ್ ತಂದು ತೋರ್ಸಿದ್ಯಲ್ಲ ಅಕ್ಕ. ತೋರಿಸ್ದೆ ಇದ್ದಿದ್ರೆ ಗೊತ್ತೇ ಆಯ್ತಿರ್ಲಿಲ್ಲ. ಸುಮ್ನಿರು."

ಆಪರೇಷನ್ ದಿನ ಶೋಭಾ, ನಾನು ಕಾಯುವ ಕೋಣೆಯಲ್ಲಿ ಕೂತಿದ್ದೆವು. ಕಿಟಕಿಯಿಂದ ಹೆಬ್ಬಾಳ ಫ್ಲೈಓವರ್ ಕಾಣುತ್ತಿತ್ತು, ಗಾಡಿಗಳು ಎಂದಿನ ಹಾಗೆ ತೆವಳುತ್ತಿದ್ದವು. ಒಳಗೆ ಅವನ ಆರ್ಟರಿಗೆ ಕ್ಲಾಂಪ್ ಹಾಕಿ, ರಕ್ತ ನಿಲ್ಲಿಸಿ, ಬೇಗಬೇಗ ಗಡ್ಡೆ ತೆಗೆದು ಹೊಲಿಯಬೇಕು. ತಡವಾದರೆ ಕಿಡ್ನಿ ಸಾಯುತ್ತದೆ. ಇದೆಲ್ಲ ಗೊತ್ತಿರುವುದು ಒಂದು ಶಾಪ. ಶೋಭಾ ದೇವರ ಹೆಸರು ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ ಆ ಸ್ಲೈಸ್‌ಗಳನ್ನು ಒಂದೊಂದಾಗಿ ಇಳಿಯುತ್ತಿದ್ದೆ. ಕಪ್ಪು ನೂಲು, ಕಪ್ಪು ನೂಲು, ಕಪ್ಪು ನೂಲು. ನನ್ನ ಜಪ ಅದೇ.

ಸರ್ಜನ್ ಹೊರಗೆ ಬಂದು ಮಾಸ್ಕ್ ಇಳಿಸಿದರು.

"ಕಿಡ್ನಿ ಒಳಗೇ ಇದೆ."

ಶೋಭಾ ಅವರ ಕಾಲಿಗೆ ಬಗ್ಗಿದಳು. ನಾನು ಅವಳನ್ನು ಎತ್ತಲು ಹೋಗಿ ನಾನೂ ಕೂತುಬಿಟ್ಟೆ. "ಮಾಡೆಲ್‌ನಲ್ಲಿ ಇದ್ದ ಹಾಗೇ ದಾರಿ ಸಿಕ್ತು. ಆದ್ರೆ ಈಗ ಅದು ಕೆಲಸ ಶುರು ಮಾಡ್ಬೇಕು, ನೋಡೋಣ," ಅಂದು ಅವರು ಹೋದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯವರ ಕಣ್ಣೆಲ್ಲ ಮಂಚದ ಪಕ್ಕ ನೇತುಹಾಕಿದ್ದ ಯೂರಿನ್ ಬ್ಯಾಗಿನ ಮೇಲೆ. ಮೊದಲು ತಳದಲ್ಲಿ ಚೂರೇ ಚೂರು, ಅದೂ ಕೆಂಪು. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿತು. ಡಯಾಲಿಸಿಸ್ ಒಂದೆರಡು ಸಲ ಬೇಕಾಗಬಹುದು ಅಂದರು. ಯಾರೂ ಊಟ ಮಾಡಲಿಲ್ಲ. ಆಮೇಲೆ ಬ್ಯಾಗು ಮೆಲ್ಲಗೆ ತುಂಬತೊಡಗಿತು. ಕೆಂಪು ಹೋಗಿ ಗುಲಾಬಿ. ಒಂದು ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಕಿಟಕಿಯ ಬಿಸಿಲು ಬ್ಯಾಗಿನ ಮೇಲೆ ಬಿದ್ದಿತ್ತು.

"ಹಳದಿ! ಹಳದಿ ಕಣೋ ಮುನಿ!"

"ಮೇಡಂ, ಪೇಶೆಂಟ್ಸ್ ಇದಾರೆ, ಮೆಲ್ಲಗೆ," ಅಂತ ನರ್ಸ್ ಗದರಿದಳು. ತಮ್ಮ ನೋವಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರಾದ್ರೂ ಕೇಳಿದ್ರೆ ಮಾನ ಓಗುತ್ತೆ. ಉಚ್ಚೆ ನೋಡಿ ಕುಣೀತಾಳೆ." ಕುಣಿದೆ. ಏನೀಗ? ಉಚ್ಚೆ ಹೊಯ್ಯದೆ ಎರಡು ವರ್ಷ ಬದುಕಿದವಳಿಗೆ ಆ ಬಣ್ಣದ ಬೆಲೆ ಗೊತ್ತು. ಡಯಾಲಿಸಿಸ್ ಬೇಕಾಗಲಿಲ್ಲ.

ಬಯಾಪ್ಸಿ ಬಂತು. ಗಡ್ಡೆ ಕ್ಯಾನ್ಸರೇ. ಆದರೆ ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿಲ್ಲ. ಔಷಧಿ ಬೇಡ, ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಪೂರ್ತಿ ಗೆದ್ದೆವು ಅಂತ ಯಾರೂ ಹೇಳಿಲ್ಲ, ನಾವೂ ಹೇಳುವುದಿಲ್ಲ. ಈಗ ನನ್ನ ಚೆಕಪ್ಪೂ ಅವನ ಚೆಕಪ್ಪೂ ಒಂದೇ ದಿನ. ನಾನೇ ಹೊರಡಿಸುತ್ತೇನೆ. ಎಮ್ಮೆಯ ಕಥೆ ಹೇಳಿದರೆ ಕೇಳುವುದಿಲ್ಲ.

ಆಫೀಸಿನಲ್ಲಿ ನನ್ನ ವೇಗ ಕಡಿಮೆಯಾಗಿದೆ. ರಕ್ತನಾಳದ ಹತ್ತಿರ ಬಂದಾಗ ನಾನು ಒಂದು ಸ್ಲೈಸನ್ನೂ ಬಿಡುವುದಿಲ್ಲ. ಟೀಮ್ ಲೀಡ್ ಒಂದು ಸಲ ಕೇಳಿದ, ಹೇಳಿದೆ. ಈಗ ಅವನೂ ಬಿಡುವುದಿಲ್ಲ.

ಮೊನ್ನೆ, ಆಪರೇಷನ್ ಆದ ಮೇಲೆ ತಮ್ಮನ ಮೊದಲ ಸ್ಕ್ಯಾನ್ ಆಯಿತು. ಕ್ಲೀನ್. ಆ ಸಿಡಿಯನ್ನು ಮನೆಗೆ ತಂದು ಲ್ಯಾಪ್‌ಟಾಪಿಗೆ ಹಾಕಿದೆ. ಈ ಸಲ ಒಂದೊಂದೇ ಸ್ಲೈಸಿಗೆ ಗೆರೆ ಎಳೆದು ಅವನ ಕಿಡ್ನಿಗೆ ಹಸಿರು ತುಂಬಿದೆ. ಗಡ್ಡೆ ಇದ್ದ ಕಡೆ ಒಂದು ತಗ್ಗು, ಯಾರೋ ಕಚ್ಚಿ ತಿಂದ ಹಾಗೆ. ಹಳದಿ ಲೇಬಲ್ ಖಾಲಿಯೇ ಉಳಿಯಿತು. ಅದನ್ನೇ ನೋಡುತ್ತಾ ಕೂತಿದ್ದವಳಿಗೆ, ಹಿಂದೊಮ್ಮೆ ಜ್ವರ ಬಂದಾಗ ನನಗೆ ಮಾಡಿದ್ದ ಸಿಟಿ ಸ್ಕ್ಯಾನ್ ನೆನಪಾಯಿತು. ಬೀರು ತಡಕಿ ಆ ಸಿಡಿ ಹುಡುಕಿದೆ. ನನ್ನ ಕಿಬ್ಬೊಟ್ಟೆಯ ಸ್ಲೈಸ್‌ಗಳನ್ನು ತೆರೆದು, ಅಲ್ಲಿ ಕೂತಿದ್ದ ಕಿಡ್ನಿಗೆ ಒಂದನ್ನೂ ಬಿಡದೆ ಹಳದಿ ತುಂಬಿದೆ. ಎತ್ತಿ ತಂದು ಅವನ ಎಡಗಡೆಯ ಖಾಲಿ ಜಾಗದಲ್ಲಿಟ್ಟೆ. ಡಾಕ್ಟರಿಗೆ ಇದರಿಂದ ಯಾವ ಉಪಯೋಗವೂ ಇಲ್ಲ. ನನಗೆ ಬೇಕಾಗಿತ್ತು.

ತಮ್ಮನನ್ನು ಕೂಗಿದೆ. ಕಂಬಿ ಹಿಡಿದುಕೊಂಡು ನಿಧಾನವಾಗಿ ಮೇಲೆ ಬಂದ.

"ಈ ಹಸ್ರುದು ನಂದು, ಗೊತ್ತಾಯ್ತು. ಪಕ್ಕದ್ದ್ ಯಾರ್ದು?"

"ಅದೂ ನಿಂದೇ ಕಣೋ."

ಸ್ವಲ್ಪ ಹೊತ್ತು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಜೋಕು ಬರುತ್ತದೆ ಅಂತ ಕಾದೆ. ಬರಲಿಲ್ಲ. ಪರದೆಯ ಹತ್ತಿರ ಬಗ್ಗಿ, ಎರಡನ್ನೂ ತಿರುಗಿಸು ಅಂತ ಕೈಯಲ್ಲೇ ಸನ್ನೆ ಮಾಡಿದ. ತಿರುಗಿಸಿದೆ. ಹಸಿರು, ಹಳದಿ, ಎರಡೂ ಒಟ್ಟಿಗೆ ತಿರುಗಿದವು. ಹಳದಿಯದರ ಹಿಂದು ಮುಂದು, ಮೇಲೆ ಕೆಳಗೆ ಅವನು ನೋಡಿದ, ಲೀಸಿನವರು ಮನೆ ಖಾಲಿ ಮಾಡುವಾಗ ಗೋಡೆ ನೋಡುತ್ತಾನಲ್ಲ, ಹಾಗೆ. ಅವನ ಕಣ್ಣು ತುಂಬಿತ್ತು.

"ಒಂದ್ ಮೊಳೇನೂ ಒಡೆದಿಲ್ವಲ್ಲಕ್ಕ ನೀನು," ಅಂದ.